ಆರು ವರ್ಷ ಏನ್ಮಾಡ್ತಿದ್ರಿ

ಮೇಜಿನ ಆಚೆ ಕೂತಿರೋ ಹೆಂಗಸಿನ ಮುಂದಿನ ಹಲ್ಲು ಅವಳದ್ದಲ್ಲ, ಎಡಗಡೆಯದು ಕ್ಯಾಪು, ಯಾರೋ ಅವಸರದಲ್ಲಿ ಮಾಡಿ ಕಳಿಸಿದ್ದಾರೆ, ಪಕ್ಕದ ಹಲ್ಲಿಗಿಂತ ಒಂದು ಚೂರು ಬೆಳ್ಳಗೆ, ಅವಳು ನಕ್ಕರೆ ಬೆಳಕು ಅದರ ಮೇಲೇ ನಿಂತುಬಿಡುತ್ತೆ, ನಿಜವಾದ ಹಲ್ಲಾದರೆ ಬೆಳಕು ಸ್ವಲ್ಪ ಒಳಗಿಳಿದು ಆಮೇಲೆ ವಾಪಸು ಬರುತ್ತೆ, ಕೂತ್ಕೊಳ್ಳಿ ಮೇಡಂ, ಡಾಕ್ಟರ್ ಫೋನಲ್ಲಿದ್ದಾರೆ, ಕರೀತಾರೆ ಅಂದಳು, ಕೂತೆ, ಹಲ್ಲು ಮಾಡೋ ಲ್ಯಾಬಿನ ಬಾಗಿಲಲ್ಲೇ ಇಂಥ ಹಲ್ಲು, ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ ಹಾಗೆ, ಆದರೆ ನನಗ್ಯಾಕೆ, ಕೆಲಸ ಕೇಳೋಕೆ ಬಂದವಳು ಬಾಗಿಲಲ್ಲಿರೋಳ ಹಲ್ಲು ಎಣಿಸಬಾರದು — ಕೈ ಹಲ್ಲು ಮಾಡೋದು ಬಿಟ್ಟು ಆರು ವರ್ಷ ಆಯ್ತು, ಕಣ್ಣು ಮಾತ್ರ ಬಿಟ್ಟಿಲ್ಲ, ಬಸ್ಸಲ್ಲಿ, ಅಂಗಡೀಲಿ, ಯಾರು ಬಾಯಿ ತೆರೆದರೂ ಮೊದಲು ಹಲ್ಲೇ ಕಾಣೋದು, ಅವರು ಕಷ್ಟ ಸುಖ ಹೇಳ್ತಾ ಇರ್ತಾರೆ, ನಾನು ಕೋರೆಹಲ್ಲು ಎಷ್ಟು ಸವೆದಿದೆ ಅಂತ ನೋಡ್ತಾ ಹೂಂಗುಟ್ತಾ ಇರ್ತೀನಿ. ಒಳಗಿಂದ ಆ ವಾಸನೆ ಬರ್ತಾ ಇದೆ, ಹಲ್ಲುಸೆಟ್ಟಿಗೆ ಅಂತ ಒಸಡಿನ ಬಣ್ಣದ ಪುಡಿಗೆ ದ್ರವ ಹಾಕಿ ಕಲಸೋವಾಗ ಮೂಗಿಗೆ ಚುಚ್ಚೋ ವಾಸನೆ, ಬೇರೆಯವರಿಗೆ ತಲೆನೋವು, ನನಗೆ ಅದು ಬಂದ ಕೂಡಲೇ ಹಸಿವಾಗುತ್ತೆ, ಹಿಂದೆ ಮಧ್ಯಾಹ್ನದ ಊಟದ ಡಬ್ಬಿ ತೆಗೀತಿದ್ದದ್ದು ಆ ವಾಸನೆಯೊಳಗೇ, ಬೆಳಗ್ಗೆ ಏನೂ ತಿಂದಿಲ್ಲ, ಒಬ್ಬಳಿಗೋಸ್ಕರ ಒಲೆ ಹಚ್ಚೋದು ಯಾಕೋ ಇನ್ನೂ ಅಭ್ಯಾಸ ಆಗಿಲ್ಲ, ಬೇಗ ಎದ್ದೆ, ಬೇಗ ಏಳೋ ಕೆಲಸ ಏನಿತ್ತು, ಯಾರ ಸಾಕ್ಸು ಹುಡುಕಬೇಕಿತ್ತು, ಎದ್ದು ಮಂಚದ ಅಂಚಲ್ಲಿ ಕೂತಿದ್ದೆ, ಇಸ್ತ್ರಿ ಮಾಡಿಟ್ಟ ಬಟ್ಟೆ ಕುರ್ಚಿ ಮೇಲೆ ನನಗಿಂತ ಮೊದಲೇ ರೆಡಿಯಾಗಿ ಕೂತಿತ್ತು.

ಮಡಿಲಲ್ಲಿ ಫೈಲು, ಫೈಲಲ್ಲಿ ಒಂದೇ ಹಾಳೆ, ರೆಸ್ಯೂಮೆ ಅಂತಾರೆ ಈಗ, ಅದನ್ನ ಟೈಪ್ ಮಾಡಿಸಿದ್ದು ಬಸ್ ನಿಲ್ದಾಣದ ಹಿಂದಿನ ಜೆರಾಕ್ಸ್ ಅಂಗಡೀಲಿ, ಅಂಗಡಿಯಾತನಿಗೆ ವಯಸ್ಸಾಗಿತ್ತು, ಕನ್ನಡಕ ಹಣೆ ಮೇಲೆ, ಎರಡೇ ಬೆರಳಲ್ಲಿ ಕುಟ್ಟೋದು, ಓದಿದ್ದು ಆಯ್ತು, ಲ್ಯಾಬಲ್ಲಿ ಕೆಲಸ ಮಾಡಿದ್ದು ಆಯ್ತು, ಆಮೇಲೆ ಇಲ್ಲಿಂದ ಇಲ್ಲೀತನಕ ಏನಮ್ಮ, ಆರು ವರ್ಷ ಖಾಲಿ ಇದೆಯಲ್ಲ ಅಂದ, ಮನೇಲಿದ್ದೆ ಅಂದೆ, ಸರಿ ಗೃಹಿಣಿ ಅಂತ ಹಾಕ್ತೀನಿ ಅಂದ, ಮದುವೆ ಆಗಿಲ್ಲ ಅಂದೆ, ಮತ್ತೆ ಮನೇಲಿ ಏನ್ಮಾಡ್ತಿದ್ರಿ, ಮಗು ನೋಡ್ಕೋತಿದ್ದೆ, ಆಗ ಅವನ ಎರಡೂ ಬೆರಳು ಗಾಳಿಯಲ್ಲೇ ನಿಂತವು, ಕನ್ನಡಕ ಹಣೆಯಿಂದ ಮೂಗಿಗೆ ಇಳೀತು, ನನ್ನ ನೋಡಿದ, ತಂಗಿ ಮಗು ಅಂದೆ, ಕನ್ನಡಕ ಮತ್ತೆ ಮೇಲೆ ಹೋಯ್ತು, ಪಾಪ ಕೆಟ್ಟವನಲ್ಲ, ಲೋಕಕ್ಕೆ ಒಂದು ವಿವರಣೆ ಸಿಕ್ಕಿದರೆ ಸಾಕು, ಮಗುವಿನ ಪಾಲನೆ ಅಂತ ಹಾಕ್ಲಾ ಅಂದ, ಹಾಕಿ ಅಂದೆ, ಪೂರ್ಣಾವಧಿ ಅಂತಾನೂ ಹಾಕಿ, ಅದಕ್ಕೆ ನಕ್ಕುಬಿಟ್ಟ, ಅರ್ಧಾವಧಿ ಮಗು ಎಲ್ಲಾದ್ರೂ ಉಂಟೇನಮ್ಮ. ಅದರ ಕೆಳಗೆ ಏನೇನು ಕೆಲಸ ಮಾಡಿದ್ರಿ ಅಂತ ಬರೀಬೇಕು, ಎಲ್ಲರೂ ಬರೆಸ್ತಾರೆ ಅಂದ, ನಾನು ಅವನ ಮೇಜಿನ ಅಂಚು ಹಿಡ್ಕೊಂಡು ಯೋಚಿಸ್ತಾ ನಿಂತೆ, ಏನು ಹೇಳಲಿ, ಜ್ವರ ಬಂದಾಗ ಮಗುವಿನ ಅಂಗಾಲು ನನ್ನ ಕೆನ್ನೆಗೆ ಒತ್ತಿಕೊಂಡು ನೋಡ್ತಿದ್ದೆ ಅಂತ ಬರೆಸಲಾ, ಮಾತ್ರೆ ಪುಡಿ ಮಾಡಿ ಬಾಳೆಹಣ್ಣಲ್ಲಿ ಬಚ್ಚಿಟ್ಟರೂ ಹಣ್ಣು ತಿಂದು ಪುಡಿ ಮಾತ್ರ ಉಗುಳೋಳು, ಆ ವಿದ್ಯೆ ಯಾವ ಕಾಲೇಜಲ್ಲೂ ಕಲಿಸಲ್ಲ, ಹಿಂದೆ ಸರದಿಯಲ್ಲಿ ನಿಂತಿದ್ದವನು ಕೆಮ್ಮಿದ, ಏನೂ ಬೇಡ, ಅಷ್ಟೇ ಇರ್ಲಿ ಅಂದೆ, ಅಷ್ಟೇ ಇದೆ, ಒಂದು ಸಾಲು.

ತಂಗಿಗೆ ಹೆರಿಗೆಯಾದ ಮೇಲೆ ಅವಳು ಅವಳಾಗಿ ಉಳಿಯಲಿಲ್ಲ, ಮಗು ಅತ್ತರೆ ಗೋಡೆ ನೋಡ್ತಾ ಕೂತಿರೋಳು, ಎದೆ ಹಾಲು ಸೋರಿ ಬಟ್ಟೆ ಒದ್ದೆಯಾದರೂ ಗೊತ್ತಾಗ್ತಿರಲಿಲ್ಲ, ಒಂದಿನ ಮಗೂನ ಅಡುಗೆಮನೆ ನೆಲದ ಮೇಲೆ ಮಲಗಿಸಿ ಬರಿಗಾಲಲ್ಲಿ ಬೀದಿಯುದ್ದಕ್ಕೂ ನಡೆದು ಹೋಗ್ತಿದ್ದಳಂತೆ, ಪಕ್ಕದ ಮನೆಯವರು ಹಿಡ್ಕೊಂಡು ಬಂದರು, ಆಮೇಲೆ ಆಸ್ಪತ್ರೆ, ದೊಡ್ಡ ಕಾರಿಡಾರು, ಮಾತ್ರೆ, ಮಲಗಿದರೆ ಏಳದ ನಿದ್ದೆ, ಅವಳ ಗಂಡ ನನ್ನ ಬಾಗಿಲಲ್ಲಿ ನಿಂತ, ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಹಾಲಿನ ಪುಡಿ ಡಬ್ಬ, ಅತ್ತಿಗೆ, ನಂಗೆ ಇದೆಲ್ಲ ಆಗಲ್ಲ ಅಂದ, ಆಗಲ್ಲ ಅಂತ ಹೇಳೋಕೂ ಒಂದು ಅದೃಷ್ಟ ಬೇಕು, ಹೇಳಿ ಕೈ ತೊಳ್ಕೊಂಡ, ಆಮೇಲೆ ಅವನ ಸುದ್ದಿ ಇಲ್ಲ. ಆಗ ನಾನು ಕೆಲಸ ಮಾಡ್ತಿದ್ದ ಲ್ಯಾಬಿನ ಯಜಮಾನರನ್ನ ನಾವೆಲ್ಲ ಮೇಷ್ಟ್ರು ಅಂತಿದ್ದೆವು, ಕೈ ಹಿಡಿದು ಕಲಿಸಿದವರು, ಮಗೂನ ಬಿಡೋಕೆ ಜಾಗ ಇಲ್ಲದೆ ಒಂದಿನ ಎತ್ಕೊಂಡೇ ಹೋದೆ, ಮೇಷ್ಟ್ರು ಬಗ್ಗಿ ಅದರ ಬಾಯಿ ನೋಡಿ, ಒಂದೂ ಹಲ್ಲಿಲ್ಲದ ಗಿರಾಕಿ ಬಂದಿದಾರೆ, ಮೇಲೆ ಕೆಳಗೆ ಪೂರ್ತಿ ಸೆಟ್ಟೇ ಬೇಕೇನೋ ಅಂದರು, ಎಲ್ಲರೂ ನಕ್ಕೆವು, ಅಷ್ಟರಲ್ಲಿ ಹಲ್ಲು ಉಜ್ಜೋ ಗ್ರೈಂಡರ್ ಶುರುವಾಯ್ತು, ಇವಳೂ ಶುರುಮಾಡಿದಳು, ಗ್ರೈಂಡರನ್ನೇ ಮೀರಿಸೋ ದನಿ, ಇದು ಮಗು ಅಲ್ಲ ಕಣಮ್ಮ, ಪಿಟೀಲು ಅಂದರು ಮೇಷ್ಟ್ರು, ಆ ಹೆಸರೇ ನಿಂತಿತು, ಪಿಟೀಲು, ಶಾಲೇಲಿ ಬೇರೆ ಹೆಸರಿದೆ, ಅದನ್ನ ಕರೆದರೆ ಅವಳೇ ತಿರುಗಿ ನೋಡಲ್ಲ. ಆದರೆ ಪ್ಲಾಸ್ಟರ್ ಧೂಳು, ಆ ದ್ರವದ ಘಾಟು, ಸಂಜೆಯೊಳಗೆ ಅವಳ ಉಸಿರು ಗೊರಗೊರ ಅಂತಿತ್ತು, ಮೇಷ್ಟ್ರು ನನ್ನ ಕಡೆ ನೋಡಲಿಲ್ಲ, ಮೇಣ ಕೆತ್ತೋ ನನ್ನ ಚಾಕುವನ್ನ ಒರೆಸಿ ಪೆಟ್ಟಿಗೆಯೊಳಗಿಟ್ಟು ನನ್ನ ಕೈಗೇ ಕೊಟ್ಟರು, ಯಾವತ್ತಾದ್ರೂ ಬಾ ಅಂದರು, ಯಾವತ್ತಾದ್ರೂ ಬರೋ ಹೊತ್ತಿಗೆ ಮೇಷ್ಟ್ರೂ ಇಲ್ಲ, ಲ್ಯಾಬೂ ಇಲ್ಲ, ಎಲ್ಲ ಕಂಪ್ಯೂಟರಲ್ಲೇ ಕೊರೆಯೋ ಕಾಲ ಬಂತು, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಅವಳಿಗೆ ಮಾತು ಬರೋಕೆ ಶುರುವಾದಾಗ ನಾನೇ ಹೇಳಿಕೊಟ್ಟಿದ್ದು ದೊಡ್ಡಮ್ಮ ಅನ್ನು ಅಂತ, ತಾಯಿಯ ಅಕ್ಕ ದೊಡ್ಡಮ್ಮ, ನ್ಯಾಯವಾಗಿ ಹೇಳಿಕೊಟ್ಟೆ, ಎದುರು ಕೂರಿಸ್ಕೊಂಡು ದೊ-ಡ್ಡ-ಮ್ಮ, ಆ ಪುಟ್ಟ ಬಾಯಿಗೆ ದೊಡ್ಡ ಅನ್ನೋದು ಹಿಡಿಸಲಿಲ್ಲ, ಮುಂದಿನ ತುಂಡು ಬಿದ್ದುಹೋಯ್ತು, ಹಿಂದಿನದು ಮಾತ್ರ ಉಳೀತು, ಮ್ಮ, ಮ್ಮ ಅಂತ ತೆವಳಿಕೊಂಡು ಬರೋಳು, ನಾನು ತಿದ್ದಿದೆ, ಎರಡು ಸಲ ತಿದ್ದಿದೆ, ಆಮೇಲೆ ಬಿಟ್ಟೆ — ಮೇಡಂ, ಒಳಗೆ ಹೋಗಿ, ಕರೀತಿದಾರೆ, ಬಾಗಿಲಲ್ಲಿರೋಳು, ಮತ್ತೆ ಆ ಬಿಳೀ ಹಲ್ಲು, ಎದ್ದೆ, ಮಂಡಿ ಟಕ್ ಅಂತು, ಮಗು ಎತ್ತಿ ಎತ್ತಿ ಬಂದ ಮಂಡಿ, ಇದನ್ನೂ ಬರೆಸಬಹುದಿತ್ತು.

ಕೋಣೆ ತಣ್ಣಗಿದೆ, ಗಾಜಿನ ಗೋಡೆ, ಗಾಜಿನಾಚೆ ಸಾಲು ಬೆಂಚು, ಬಗ್ಗಿದ ತಲೆಗಳು, ಈಚೆ ಇಬ್ಬರು, ಒಬ್ಬರು ಲ್ಯಾಬ್ ನಡೆಸೋ ಡಾಕ್ಟರು, ದಪ್ಪ ಕುತ್ತಿಗೆ, ಒಳ್ಳೆ ಹಲ್ಲುಗಳು, ಹುಟ್ಟಿನಿಂದ ಬಂದದ್ದು, ಇನ್ನೊಬ್ಬಳು ಸಿಬ್ಬಂದಿ ನೋಡ್ಕೊಳ್ಳೋ ಮ್ಯಾನೇಜರಮ್ಮ, ನನಗಿಂತ ಚಿಕ್ಕವಳು, ಅವಳ ಹಲ್ಲಿನ ಅಂಚುಗಳು ಚಪ್ಪಟೆಯಾಗಿವೆ, ನಿದ್ದೇಲಿ ಹಲ್ಲು ಕಡೀತಾಳೆ ಈಕೆ, ಏನೋ ಇದೆ ಒಳಗೆ, ಕೂತ್ಕೊಳ್ಳಿ ಅಂದಳು. ಡಾಕ್ಟರು ಹಾಳೆ ತಿರುಗಿಸಿದರು, ಒಂದೇ ಪುಟ ಅಂತ ಗೊತ್ತಾಗಿ ಮತ್ತೆ ತಿರುಗಿಸಿದರು, ಓ ಮೇಷ್ಟ್ರ ಲ್ಯಾಬಾ, ಒಳ್ಳೆ ಕೈ ಅವರದ್ದು, ಆಮೇಲೆ ಬೆರಳು ಕೆಳಗೆ ಜಾರಿತು, ನನಗೆ ಗೊತ್ತು ಎಲ್ಲಿ ನಿಲ್ಲುತ್ತೆ ಅಂತ, ನಿಂತಿತು, ಈ ಆರು ವರ್ಷ ಏನ್ಮಾಡ್ತಿದ್ರಿ, ಬರೆದಿದೀನಲ್ಲ ಸರ್, ಬರೆದಿದೀರಿ, ಒಂದು ಹಲ್ಲು ಹೋದ್ರೆ ಬ್ರಿಡ್ಜ್ ಹಾಕ್ತೀವಿ ಮೇಡಂ, ಇಲ್ಲಿ ಸಾಲಾಗಿ ಆರು ಹೋಗಿದಾವಲ್ಲ, ಇಷ್ಟು ದೊಡ್ಡ ಗ್ಯಾಪ್‌ಗೆ ಯಾವ ಬ್ರಿಡ್ಜ್ ತಡ್ಕೊಳ್ಳುತ್ತೆ ಅಂತ ನಕ್ಕರು, ನಾನೂ ನಕ್ಕೆ, ಒಳ್ಳೆ ಜೋಕೇ, ಮೇಷ್ಟ್ರಾಗಿದ್ದರೂ ಹೇಳ್ತಿದ್ದರು, ಆದರೆ ಮೇಷ್ಟ್ರು ಆಮೇಲೆ ಚಹಾ ತರಿಸ್ತಿದ್ದರು. ನೋಡಿ ಬೇಜಾರು ಮಾಡ್ಕೋಬೇಡಿ, ಇದನ್ನ ಅನುಭವ ಅಂತ ಹಾಕೋ ಹಾಗಿಲ್ಲ, ಎಲ್ಲರ ಮನೇಲೂ ಮಕ್ಕಳಿರ್ತಾರೆ, ನಮ್ಮನೇಲೂ ಇಬ್ಬರಿದಾರೆ ಅಂದರು, ನಿಜ, ಎಲ್ಲರ ಮನೇಲೂ ಇರ್ತಾರೆ, ಗಾಳಿ ಎಲ್ಲ ಕಡೆ ಇರೋ ಹಾಗೆ, ಆಡೋ ಉಸಿರನ್ನ ಕೆಲಸ ಅಂತ ಯಾರು ಬರೀತಾರೆ, ನನಗೂ ಹಾಗೇ ಅನ್ಸಿತ್ತು, ಆದರೂ ಬರೆಸಿದೆ, ಯಾಕೆ ಬರೆಸಿದೆ, ಸುಸ್ತಿಗೆ ಬರೆಸಿದೆ ಅನ್ಸುತ್ತೆ, ಸುಳ್ಳು ಕಟ್ಟೋಕೂ ಒಂದು ಚೈತನ್ಯ ಬೇಕು. ಅವಿವಾಹಿತೆ ಅಂತಿದೆ ಅಂದರು ಡಾಕ್ಟರು, ಅಂದು ಸುಮ್ಮನಾದರು, ಆ ಸುಮ್ಮನೆ ನನಗೆ ಚೆನ್ನಾಗಿ ಗೊತ್ತು, ಆರು ವರ್ಷ ಅದನ್ನೇ ಕೇಳಿಸ್ಕೊಂಡಿದೀನಿ, ಶಾಲೆ ಗೇಟಿನ ಮುಂದೆ, ಆಸ್ಪತ್ರೆ ಕಿಟಕಿಯಲ್ಲಿ, ನನ್ನ ನೋಡೋಕೆ ಅಂತ ಬಂದ ಗಂಡಿನ ತಾಯಿ ಪಿಟೀಲಿನ ಮುಖ ನೋಡಿ ನನ್ನ ಮುಖ ನೋಡಿ ಮತ್ತೆ ಪಿಟೀಲಿನ ಮುಖ ನೋಡಿದರು, ಮೂಗು ಥೇಟ್ ನಿಮ್ಮದೇ ಅಂದರು, ನಮ್ಮಮ್ಮನ ಮೂಗು, ನನಗೂ ಬಂದಿದೆ ತಂಗಿಗೂ ಬಂದಿದೆ, ಹೇಳಿದೆ, ಹೂಂ ಹೂಂ ಅಂತ ಎದ್ದು ಹೋದರು, ಊರ ಬಾಯಿಗೆ ಕ್ಯಾಪ್ ಹಾಕೋ ಲ್ಯಾಬು ಎಲ್ಲೂ ಇಲ್ಲ, ತಂಗಿ ಮಗಳು ಸರ್ ಅಂದೆ, ತಂಗಿಗೆ ಹುಷಾರಿರಲಿಲ್ಲ, ಓ ಹಾಗೆ ಅಂದರು ಡಾಕ್ಟರು, ಕುರ್ಚಿಗೆ ಒರಗಿದರು, ನನ್ನ ಮಾನ ಮರ್ಯಾದೆ ವಾಪಸು ಬಂತು, ಅದರ ಜೊತೆ ಇನ್ನೇನೋ ಹೋಯ್ತು.

ಈಗ ಯಾರು ನೋಡ್ಕೋತಾರೆ ಮಗೂನ, ಇಲ್ಲಿ ಒಂದೊಂದು ದಿನ ತಡ ಆಗುತ್ತೆ ಅಂದಳು ಮ್ಯಾನೇಜರಮ್ಮ, ಎಲ್ಲ ಹೆಂಗಸರಿಗೂ ಕೇಳೋ ಪ್ರಶ್ನೆ, ಓದಿದ ಹಾಗೆ ಕೇಳಿದಳು, ಅವರಮ್ಮ ನೋಡ್ಕೋತಾಳೆ, ಕರ್ಕೊಂಡು ಹೋಗಿದಾಳೆ ಅಂದೆ, ಅಂದ ಮೇಲೆ ನನ್ನ ಕಿವಿಗೇ ಅದು ಬೇರೆ ಯಾರದೋ ದನಿಯ ಹಾಗೆ ಕೇಳಿಸ್ತು, ಅವರಮ್ಮ. ತಂಗಿ ಹುಷಾರಾದಳು, ಒಂದೇ ದಿನಕ್ಕಲ್ಲ, ಗೋಡೆಗೆ ಹಿಡಿದ ತೇವ ಒಣಗೋ ಹಾಗೆ, ಇವತ್ತು ಒಂದು ಅಂಗೈಯಷ್ಟು ಜಾಗ, ಇನ್ನೊಂದು ತಿಂಗಳಿಗೆ ಇನ್ನೊಂದಷ್ಟು, ಭಾನುವಾರ ಬಂದು ಬಾಗಿಲ ಹತ್ತಿರ ಕುರ್ಚೀಲಿ ಕೂರೋಳು, ಮುಟ್ಟೋಕೆ ಹೆದರೋಳು, ನನ್ನ ಕೈಯಿಂದ ಏನಾದ್ರೂ ಆಗಿಬಿಟ್ರೆ ಅಕ್ಕಾ ಅನ್ನೋಳು, ಆಮೇಲೆ ಚಾಪೆ ಮೇಲೆ, ಆಮೇಲೆ ಇಬ್ಬರೂ ಸೇರಿ ಬಣ್ಣ ಹಚ್ಚೋರು, ಬಟ್ಟೆ ಅಂಗಡೀಲಿ ಕೆಲಸ ಸಿಕ್ಕಿತು, ಎರಡು ಕೋಣೆಯ ಮನೆ ಮಾಡಿದಳು, ನನ್ನ ಮನೆಯಿಂದ ಎರಡು ಬಸ್ಸು, ಅಕ್ಕಾ ಈಗ ಅವಳನ್ನ ಕರ್ಕೊಂಡು ಹೋಗ್ಲಾ ಅಂದಳು, ಬೇಡ ಅಂದಿದ್ದರೆ ಕೇಳೋಳು, ಇವತ್ತಿಗೂ ಕೇಳ್ತಾಳೆ, ಅದಕ್ಕೇ ಅನ್ನಲಿಲ್ಲ, ಕರ್ಕೊಂಡು ಹೋಗು, ನಿನ್ನ ಮಗಳಲ್ವಾ ಅಂದೆ, ಎಷ್ಟು ಸಲೀಸಾಗಿ ಬಂತು ಆ ಮಾತು. ಕೆಲಸ ಬಿಡೋರು ಹೊಸಬರಿಗೆ ಕಲಿಸಿ ಹೋಗ್ತಾರಲ್ಲ, ಹಾಗೆ ಕಲಿಸಿದೆ, ಅನ್ನ ಆರಿಸಿ ಕೊಡು, ಬಿಸಿ ಇದ್ರೆ ತಟ್ಟೆ ತಳ್ತಾಳೆ, ಮಲಗೋವಾಗ ನಿನ್ನ ಕಿವಿ ಹಿಡ್ಕೊಂಡ್ರೆ ಬಿಡಿಸಬೇಡ, ಗುಡುಗಿಗೆ ಹೆದರಲ್ಲ, ಬಲೂನಿಗೆ ಹೆದರ್ತಾಳೆ, ತಂಗಿ ಎಲ್ಲದಕ್ಕೂ ತಲೆ ಆಡಿಸೋಳು, ಪರೀಕ್ಷೆಗೆ ಓದೋಳ ಹಾಗೆ. ಪಿಟೀಲಿಗೂ ಹೇಳಿ ಹೇಳಿ ತಯಾರು ಮಾಡಿದೆ, ಅಲ್ಲಿ ಕಿಟಕಿಯಿಂದ ಬಸ್ಸು ಕಾಣುತ್ತೆ, ನಾನು ಭಾನುವಾರ ಬರ್ತೀನಿ, ಹೂಂ ಅಂದಳು, ಹೊರಡೋ ದಿನ ಬಾಗಿಲ ಹತ್ತಿರ ನಿಂತಿದ್ದಳು, ಹೊಸ ಶೂ, ಒಂದು ಶೂ ನನ್ನ ಕೈಯಲ್ಲಿ ಇನ್ನೊಂದು ತಂಗಿ ಕೈಯಲ್ಲಿ, ಇಬ್ಬರೂ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆವು, ಬೀಳಬಾರದು ಅಂತ ಅವಳು ಒಂದು ಕೈ ನನ್ನ ತಲೆ ಮೇಲೆ ಇಟ್ಟಳು, ಒಂದು ಕೈ ತಂಗಿ ತಲೆ ಮೇಲೆ, ಎರಡೂ ತಲೆ ಸಮ ಎತ್ತರ, ಅವಳು ನಡುವೆ, ಒಂದೊಂದು ಕಾಲು ಒಬ್ಬೊಬ್ಬರ ಮುಂದೆ, ಆ ಅಂಗೈ, ಬಿಸಿ, ಸ್ವಲ್ಪ ಅಂಟು —

ಮೇಡಂ, ನೀರು ಕುಡೀರಿ ಅಂದಳು ಮ್ಯಾನೇಜರಮ್ಮ, ಲೋಟ ನನ್ನ ಮುಂದೆ ಯಾವಾಗ ಬಂತೋ, ಮಗು ಅತ್ಲಾ, ಹೋಗೋವಾಗ, ಅಂತ ಕೇಳಿದಳು, ಇದು ಓದಿದ ಹಾಗಿರಲಿಲ್ಲ, ಇಲ್ಲ, ಅಳಲಿಲ್ಲ ಅಂದೆ, ಅಳದ ಹಾಗೆ ನಾನೇ ತಯಾರು ಮಾಡಿದ್ದೆ, ಡಾಕ್ಟರು ಗಡಿಯಾರ ನೋಡಿದರು, ಅವಳು ನೋಡಲಿಲ್ಲ, ನನ್ನ ಮಗ ನಮ್ಮತ್ತೇನ ಅಮ್ಮ ಅಂತಾನೆ ಅಂದಳು, ನನ್ನನ್ನ ಹೆಸರು ಹಿಡಿದು ಕರೀತಾನೆ, ಎಲ್ಲರೂ ನಗ್ತಾರೆ, ನಾನೂ ನಗ್ತೀನಿ, ಮೂರು ತಿಂಗಳಿಗೇ ಕೆಲಸಕ್ಕೆ ವಾಪಸು ಬಂದೆ ನಾನು, ಅಂದು ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿದಳು, ಚಪ್ಪಟೆ ಹಲ್ಲುಗಳು ಒಂದರ ಮೇಲೊಂದು ಕೂತವು, ಇದೇನಾ ಅದು, ನಿದ್ದೇಲಿ ಅಗಿಯೋದು, ನನ್ನ ತಂಗಿಯೂ ಹೀಗೇ ಕೂತಿರ್ತಿದ್ದಳಾ ಅಷ್ಟು ಭಾನುವಾರ, ಬಾಗಿಲ ಹತ್ತಿರದ ಕುರ್ಚೀಲಿ, ಪಿಟೀಲು ಮ್ಮ ಅಂತ ಓಡಿ ನನ್ನ ಮಡಿಲಿಗೆ ಬರೋದನ್ನ ನೋಡ್ತಾ, ನಾನು ಯಾವತ್ತೂ ಅವಳ ಬಾಯಿ ನೋಡಲೇ ಇಲ್ಲ. ಆಯ್ತು ಆಯ್ತು, ಮನೆ ಸಮಾಚಾರ ಆಮೇಲೆ ಮಾತಾಡ್ಕೊಳ್ಳಿ ಅಂದರು ಡಾಕ್ಟರು, ಕೆಟ್ಟ ದನಿಯಲ್ಲಲ್ಲ, ಕೈ ಪರೀಕ್ಷೆ ಮಾಡೋಣ, ಆದ್ರೆ ಮೊದಲು ಒಂದು ಮಾತು ಮೇಡಂ, ಈ ಸಾಲು ತೆಗೆದುಬಿಡಿ, ನಮ್ಮ ಪಾಲುದಾರರೂ ಇದನ್ನ ನೋಡ್ತಾರೆ, ಸುಮ್ಮನೆ ಪ್ರಶ್ನೆ, ಅವಿವಾಹಿತೆ, ಮಗು, ಯಾರಿಗೆ ಬೇಕು, ಆರೋಗ್ಯದ ಕಾರಣ ಅಂತ ಹಾಕಿ, ಸುಳ್ಳೇನಲ್ವಲ್ಲ, ನಿಮ್ಮ ತಂಗಿ ಆರೋಗ್ಯ, ಅಂತ ಪೆನ್ನು ನನ್ನ ಕಡೆ ತಳ್ಳಿದರು, ಹಾಳೆನೂ ತಳ್ಳಿದರು. ಪೆನ್ನು ತಗೊಂಡೆ, ತಗೊಂಡೆ, ಅಷ್ಟು ದಣಿದಿದ್ದೆ, ಒಂದು ಗೆರೆ ಎಳೆದರೆ ಎಷ್ಟು ಹೊತ್ತು, ಜಗಳ ಆಡೋಕೆ ಬಂದವಳಲ್ಲ ನಾನು, ಬಾಡಿಗೆ ಇದೆ, ನಾಳೆ ಇದೆ, ಆ ಸಾಲಿನ ಮೊದಲ ಅಕ್ಷರದ ಮೇಲೆ ಪೆನ್ನಿಟ್ಟೆ, ಮ, ಮಗುವಿನ ಮ, ಆಗ ನೆನಪಾಯ್ತು ಹುಟ್ಟಿದ ಪತ್ರದಲ್ಲಿ ತಾಯಿ ಅಂತ ತಂಗಿ ಹೆಸರು, ಲಸಿಕೆ ಕಾರ್ಡಲ್ಲಿ ತಂಗಿ ಹೆಸರು, ಶಾಲೆಯ ರಿಜಿಸ್ಟರಲ್ಲೂ, ಸರಿಯೇ ತಾನೆ, ಯಾರದೂ ತಪ್ಪಿಲ್ಲ, ನಾನೇ ಹೋಗಿ ಬರೆಸಿದ್ದು, ನನ್ನ ಕೈಯಾರೆ, ಪ್ರತಿ ಸಲ. ಪೆನ್ನು ಕೆಳಗಿಟ್ಟೆ, ಇರ್ಲಿ ಸರ್ ಅಂದೆ, ಯಾಕೆ ಮೇಡಂ ಅಂದರು, ಇನ್ಯಾವ ಕಾಗದದಲ್ಲೂ ಇಲ್ಲ ಸರ್ ಅದು, ಇದೊಂದರಲ್ಲಿ ಇರ್ಲಿ. ನನ್ನ ದನಿ ಏರಲಿಲ್ಲ, ಏರಿಸೋ ಶಕ್ತಿಯೂ ಇರಲಿಲ್ಲ, ಮ್ಯಾನೇಜರಮ್ಮ ಹಾಳೆಯನ್ನ ತನ್ನ ಕಡೆ ಎಳ್ಕೊಂಡಳು, ಇರ್ಲಿ ಬಿಡಿ ಸರ್, ಪಾಲುದಾರರು ಕೇಳಿದ್ರೆ ನಾನು ಹೇಳ್ತೀನಿ ಅಂದಳು, ಡಾಕ್ಟರು ನಮ್ಮಿಬ್ಬರನ್ನೂ ನೋಡಿದರು, ಹೆಂಗಸರ ನಡುವೆ ಸಿಕ್ಕಿಹಾಕ್ಕೊಂಡ ಗಂಡಸು ನೋಡೋ ಹಾಗೆ, ಬನ್ನಿ, ಬೆಂಚಿಗೆ ಬನ್ನಿ ಅಂತ ಎದ್ದರು.

ಬೆಂಚು, ಸ್ಪಿರಿಟ್ ದೀಪ, ಪ್ಲಾಸ್ಟರಿನ ದವಡೆ, ಮೇಲ್ಸಾಲಲ್ಲಿ ಮುಂದಿನ ಒಂದು ಹಲ್ಲು ಇಲ್ಲ, ಪಕ್ಕದ್ದು ನೋಡ್ಕೊಂಡು ಮೇಣದಲ್ಲಿ ಮಾಡಿ ಕೂರಿಸಿ ಅಂದರು, ಮೇಷ್ಟ್ರು ಕೊಟ್ಟ ಚಾಕು ಬ್ಯಾಗಲ್ಲಿತ್ತು, ತೆಗೆದೆ, ಹಿಡಿ ಅಂಗೈಗೆ ತಾಕಿತು, ಗುರುತು ಹಿಡೀತಾ, ಇಲ್ಲ, ಮೊದಲು ಹಿಡೀಲಿಲ್ಲ, ಮೇಣ ಹೆಚ್ಚು ಕರಗಿ ತೊಟ್ಟಿಕ್ಕಿತು, ಸಾರಿ ಸರ್, ಮತ್ತೆ ಮಾಡಿ ಅಂದರು, ಪಕ್ಕದ ಬೆಂಚಿನವರು ನೋಡ್ತಿರಬಹುದು, ನೋಡ್ಲಿ, ಉಸಿರು ಬಿಟ್ಟೆ, ಎರಡನೇ ಸಲ ಮೇಣ ನಿಂತಿತು, ಹನಿ ಮೇಲೆ ಹನಿ, ಆರೋವರೆಗೆ ಕಾಯಬೇಕು, ಕಾಯೋದು ನನಗೆ ಬರುತ್ತೆ, ಈಗ ಹಿಂದಿಗಿಂತ ಚೆನ್ನಾಗಿ ಬರುತ್ತೆ, ಹಿಂದೆಲ್ಲ ನಾನು ಆತುರಗಾರ್ತಿ, ಈ ಹುಡುಗಿ ಹಲ್ಲು ಮಾಡಲ್ಲ, ಉಗುಳ್ತಾಳೆ ಅಂತಿದ್ದರು ಮೇಷ್ಟ್ರು, ಅಂಚು ತೆಗೆದೆ, ಒಸಡಿನ ಹತ್ತಿರದ ತಿರುವು, ಮೇಲಿಂದ ಕೆಳಗೆ ಆ ಎರಡು ಮಸುಕು ಗೆರೆ, ಯಾರೂ ನೋಡದ ಗೆರೆ, ಅವು ಇಲ್ಲದಿದ್ದರೆ ಮಾತ್ರ ಎಲ್ಲರಿಗೂ ಕಾಣುತ್ತೆ, ಬಗ್ಗಿದ ತಲೆ ಮೇಲೆ ಏನೋ ಭಾರ, ಪುಟ್ಟದು, ಬಿಸಿ, ಕತ್ತು ಎತ್ತಿದರೆ ಬಿದ್ದುಹೋಗುತ್ತೆ ಅನ್ನೋ ಹಾಗೆ, ಎತ್ತಲಿಲ್ಲ, ಬಗ್ಗಿಕೊಂಡೇ ಮುಗಿಸಿದೆ. ಡಾಕ್ಟರು ದವಡೆ ಎತ್ತಿ ಕಿಟಕಿ ಕಡೆ ಹಿಡಿದರು, ತಿರುಗಿಸಿದರು, ಬಾಯಿ ಒಂದು ಥರ ಮಾಡಿದರು, ಕೈ ನಿಧಾನ ಆಗಿದೆ ಅಂದರು, ಹೌದು ಸರ್, ಆದ್ರೆ ಕೈ ಇದೆ ಅಂದರು, ಹೊಸಬರ ದರ್ಜೇಲಿ ತಗೋತೀನಿ, ಕಂಪ್ಯೂಟರ್ ಕಲೀಬೇಕು, ಕಲಿಸೋರು ನಿಮಗಿಂತ ತುಂಬ ಚಿಕ್ಕವರು, ಬೇಜಾರಿಲ್ಲ ತಾನೆ, ಆರು ವರ್ಷದ ಒಬ್ಬಳ ಕೈಲಿ ದಿನಾ ಬೈಸ್ಕೊಂಡಿದೀನಿ ಸರ್ ಅಂದೆ, ಈ ಸಲ ಅವರು ನಕ್ಕದ್ದು ಬೇರೆ ಥರ ಇತ್ತು, ಸೋಮವಾರ ಬನ್ನಿ. ಸಂತೋಷ ಆಗಬೇಕಿತ್ತು, ಆಗುತ್ತೇನೋ ಸಂಜೆಗೆ, ಈಗ ಕಾಲು ಎಳೀತಿದೆ, ಮ್ಯಾನೇಜರಮ್ಮ ವಿಮೆಗೆ ಅಂತ ಕೇಳಿದಳು, ನಿಮ್ಮನ್ನ ನಂಬಿಕೊಂಡೋರು ಮನೇಲಿ ಯಾರಾದ್ರೂ, ಬಾಯಿ ತೆರೆದೆ, ಪಿಟೀಲು ಅಂತ ಬರ್ತಿತ್ತು, ನಾಲಿಗೆ ತುದಿಗೆ ಬಂದಿತ್ತು, ಯಾರೂ ಇಲ್ಲ ಅಂದೆ, ಅವಳು ಬರ್ಕೊಳ್ಳಲಿಲ್ಲ, ಆಮೇಲೆ ಬರ್ಕೋತೀನಿ ಅಂದಳು.

ಹೊರಗೆ ಬಿಸಿಲು, ಫುಟ್‌ಪಾತಿನ ಮೇಲೆ ಯಾರೋ ಗಾಜು ತೊಳೆದ ನೀರು ಹರೀತಿದೆ, ಬ್ಯಾಗಲ್ಲಿ ಫೋನು, ತೆಗೆದು ನೋಡಿದರೆ ತಂಗಿಯ ಕರೆ, ಒಂದಲ್ಲ ಎರಡಲ್ಲ, ಜ್ವರವಾ, ಬಿದ್ದಳಾ, ಮೆಟ್ಟಿಲಾ, ಬಲೂನಾ, ಬೆರಳು ಸರಿಯಾಗಿ ಒತ್ತಲ್ಲ, ಹಲೋ ಏನಾಯ್ತೇ ಅಂದೆ, ಏನಿಲ್ಲ ಅಕ್ಕ, ಗಾಬರಿ ಆಗ್ಬೇಡ, ಇಂಟರ್‌ವ್ಯೂನಲ್ಲಿದ್ಯಾ, ಸಾರಿ ಅಕ್ಕ, ಶಾಲೆಗೆ ಹೊರಡಿಸ್ಬೇಕಿತ್ತು, ತಲೆ ಬಾಚೋಕೆ ಬಿಡಲಿಲ್ಲ, ರಂಪಾಟ, ನೀನು ಹೇಗೆ ಬಾಚ್ತಿದ್ದೆ ಅಂತ ಕೇಳೋಕೆ ಮಾಡಿದ್ದು, ಕೊನೆಗೆ ಶಾಲೆಗೇ ಹೋಗಲಿಲ್ಲ, ಇಬ್ಬರೂ ಮನೇಲೇ ಇದೀವಿ, ನನಗೆ ನಗು ಬಂತು, ಕಣ್ಣೂ ಉರೀತು, ಬುಡದಿಂದ ಬಾಚಬೇಡ ಕಣೇ, ತುದಿಯಿಂದ ಶುರುಮಾಡು, ಮೇಲೆ ಬುಡ ಒಂದು ಕೈಲಿ ಗಟ್ಟಿ ಹಿಡ್ಕೋ, ಎಳೆದರೆ ನೋವು ಅಲ್ಲಿ ತನಕ ಹೋಗಬಾರದು, ತಾಳು ಅಕ್ಕ, ಸ್ಪೀಕರಲ್ಲಿ ಹಾಕ್ತೀನಿ, ಈಗಲೇ ಬಾಚ್ತೀನಿ, ಹೇಳ್ತಾ ಹೋಗು ಅಂದಳು, ಬೀದೀಲಿ ನಿಂತು ಹೇಳ್ತಾ ಹೋದೆ, ಒಂದು ಎಳೆ ತಗೋ, ಸಣ್ಣದು, ಇನ್ನೂ ಸಣ್ಣದು, ಆ ಕಡೆಯಿಂದ ಬಾಚಣಿಗೆಗೆ ಕೂದಲು ಸಿಕ್ಕ ಸದ್ದು, ಈಗ ಪಿಟೀಲು ಶುರುವಾಗುತ್ತೆ ಅಂತ ಕಾದೆ, ಆಗಲಿಲ್ಲ, ಹಾಂ ಹೀಗೆ, ಅಂದಳು ಪಿಟೀಲು, ತಂಗಿಗೆ ಹೇಳ್ತಿದ್ದಾಳೆ, ದೊಡ್ಡಮ್ಮ ಹೀಗೇ ಬಾಚ್ತಿದ್ದಿದ್ದು ಅಮ್ಮಾ. ದೊಡ್ಡಮ್ಮ. ಯಾರೂ ಹೇಳಿಕೊಡಲಿಲ್ಲ, ಯಾರೂ ಪಿಸುಗುಟ್ಟಲಿಲ್ಲ, ಹಾಗೇ ಬಂತು, ಪೂರ್ತಿ, ಒಂದು ಅಕ್ಷರಾನೂ ಬೀಳದೆ. ಆ ಕಡೆ ಬಾಚಣಿಗೆ ಸದ್ದು ನಿಂತಿತು, ಅಕ್ಕಾ ಅಂದಳು ತಂಗಿ, ಕೇಳಿಸ್ತು ಕಣೇ, ಸರಿಯಾಗೇ ಹೇಳಿದ್ಲಲ್ಲ ಅಂದೆ, ಕೆಲಸ ಸಿಕ್ತಾ ಅಂದಳು, ಸಿಕ್ತು ಅಂದೆ, ಭಾನುವಾರ ಬರ್ತೀನಿ ಅಂದೆ, ಇಟ್ಟೆ, ಬಸ್ಸು ಬಂತು, ಬಾಗಿಲು ತೆಗೀತು, ಹತ್ತಲಿಲ್ಲ, ಹೋಯ್ತು. ನನಗೆ ಅಭ್ಯಾಸ ಇತ್ತು, ಅದೇ ಆಗಿದ್ದು, ಅವಳು ಹೊರಟ ದಿನ ಕುಕ್ಕರುಗಾಲಲ್ಲಿ ಕೂತಿದ್ದೆವಲ್ಲ ಇಬ್ಬರೂ, ಲೇಸು ಕಟ್ಟೋದು ನನಗೆ ಕಣ್ಣು ಮುಚ್ಚಿದರೂ ಬರುತ್ತೆ, ಒಂದು ಸುತ್ತು, ಕಿವಿ ತಿರುಚಿದ ಹಾಗೆ ಒಂದು ಎಳೆತ, ಮುಗೀತು, ತಂಗಿ ಇನ್ನೂ ಮೊದಲ ಗಂಟಲ್ಲೇ ಒದ್ದಾಡ್ತಿದ್ದಳು, ಅದಕ್ಕೇ ನನ್ನ ತಲೆ ಮೇಲಿನ ಕೈ ಮೊದಲು ಎದ್ದಿತು, ಅಷ್ಟೇ, ಬೇರೇನೂ ಅಲ್ಲ, ನನ್ನ ಕೈಯ ಶೂ ಮುಗಿದಿತ್ತು, ಇನ್ನೊಂದು ಕೈ ಅಲ್ಲೇ ಇತ್ತು, ನಿಧಾನಕ್ಕೆ ಕಟ್ಟಬಹುದಿತ್ತು, ಗಂಟು ತಪ್ಪಬಹುದಿತ್ತು, ಬಿಚ್ಚಿ ಇನ್ನೊಂದು ಸಲ, ಆ ಅಂಗೈ ತಲೆ ಮೇಲೆ, ಬಿಸಿ, ಸ್ವಲ್ಪ ಅಂಟು, ಲೇಸು ಬೆರಳಲ್ಲಿ, ಇನ್ನೂ ಕಟ್ಟಿಲ್ಲ, ಅಂಗೈ ಇನ್ನೂ ಎದ್ದಿಲ್ಲ, ಇನ್ನೂ ಕಟ್ಟಿಲ್ಲ —